ದಿನಕ್ಕೆ ಲಕ್ಷ ಬಡಿತ, ಚಾರ್ಟ್‌ನಲ್ಲಿ ಆರು ಅಂಕಿ

ನಿಮಿಷಕ್ಕೆ 80ರಂತೆ ಬಡಿದರೆ ವಯಸ್ಕರ ಹೃದಯ ದಿನಕ್ಕೆ 1,15,200 ಸಲ ಬಡಿಯುತ್ತದೆ. ಸಾಮಾನ್ಯ ವಾರ್ಡಿನಲ್ಲಿ ನಾಲ್ಕು ಗಂಟೆಗೊಮ್ಮೆ ಸಿಸ್ಟರ್ ಬಂದು, ನಾಡಿ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಿದರು ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ಆರು ಸಲ, ಒಟ್ಟು 480 ಬಡಿತ. ನೂರು ಬಡಿತದಲ್ಲಿ ಅರ್ಧ ಬಡಿತವೂ ಆಗಲಿಲ್ಲ, ಶೇ 0.42 ಅಷ್ಟೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದೂ ರೂಢಿಯಲ್ಲಿದೆ. ಆಗ ಎಣಿಕೆಗೆ ಸಿಕ್ಕಿದ್ದು 120 ಬಡಿತ, ಶೇ 0.1. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್‌ನ ಆ ಆರು ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದಾಗ ಇಡೀ ದಿನದ ಕಥೆ ಅಲ್ಲಿದೆ ಎಂಬ ಭಾವನೆ ಬರುತ್ತದೆ. ಚುಕ್ಕಿ ಚುಕ್ಕಿಗಳ ನಡುವಿನ ನಾಲ್ಕು ಗಂಟೆಗಳಲ್ಲಿ ಏನಾಯಿತು ಎಂಬುದು ಆ ಹಾಳೆಯಲ್ಲಿ ಇಲ್ಲ.

ಕಾಲು ಮುರಿದು ಮಲಗಿದವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಸೆಪ್ಸಿಸ್ ಆದವರಿಗೆ ಇದೆ. ಸೋಂಕಿನ ವಿರುದ್ಧ ಎದ್ದ ದೇಹದ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸತೊಡಗುವ ಸ್ಥಿತಿ ಅದು. ನ್ಯುಮೋನಿಯಾ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಬಾಣಂತಿಯ ಜ್ವರ, ಯಾವುದರಿಂದಲೂ ಶುರುವಾಗಬಹುದು. ಬೆಳಿಗ್ಗೆ ಕಾಫಿ ಕುಡಿದು ಮಾತಾಡಿದವರು ಮಾರನೆಯ ಬೆಳಿಗ್ಗೆ ವೆಂಟಿಲೇಟರ್ ಮೇಲಿರಬಹುದು.

ಜಗತ್ತಿನ ರೋಗಭಾರವನ್ನು ಅಳೆಯುವ ಅಧ್ಯಯನವೊಂದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರ ಅಂದಾಜಿನಂತೆ 2017ರ ಒಂದೇ ವರ್ಷದಲ್ಲಿ ಸೆಪ್ಸಿಸ್‌ಗೆ ತುತ್ತಾದವರು 4.89 ಕೋಟಿ, ಸತ್ತವರು 1.1 ಕೋಟಿ. ಆ ವರ್ಷ ಭೂಮಿಯ ಮೇಲೆ ಸತ್ತ ಐದು ಜನರಲ್ಲಿ ಒಬ್ಬರ ಸಾವಿನಲ್ಲಿ ಸೆಪ್ಸಿಸ್ ಇತ್ತು. ಭಾರತದ ಪಾಲು 1.13 ಕೋಟಿ ಪ್ರಕರಣ, 29 ಲಕ್ಷ ಸಾವು. 29 ಲಕ್ಷವನ್ನು 365ರಿಂದ, ಮತ್ತೆ 24ರಿಂದ ಭಾಗಿಸಿದರೆ ನಮ್ಮ ದೇಶದಲ್ಲಿ ಗಂಟೆಗೆ ಸುಮಾರು 330 ಜನ. ಈ ವಿಷಯದಲ್ಲಿ ಗಂಟೆಯ ಲೆಕ್ಕವೇ ಮುಖ್ಯ. ಹೃದಯ ಬಡಿತವನ್ನು ಸತತವಾಗಿ ಗಮನಿಸುವುದರಿಂದ ಸಿಗಬಹುದಾದ ಲಾಭವೂ ಕೆಲವು ಗಂಟೆಗಳದ್ದೇ.

ಆ ಗಂಟೆಗಳ ಬೆಲೆ ಎಷ್ಟು? 2006ರಲ್ಲಿ ವೈದ್ಯ ಆನಂದ್ ಕುಮಾರ್ ಮತ್ತು ಸಂಗಡಿಗರು ಕೆನಡಾ ಹಾಗೂ ಅಮೆರಿಕದ ಐಸಿಯುಗಳ 2,731 ಸೆಪ್ಟಿಕ್ ಶಾಕ್ ರೋಗಿಗಳ ದಾಖಲೆ ತೆಗೆದು ನೋಡಿದರು. ಬಿಪಿ ಕುಸಿದ ಮೊದಲ ಗಂಟೆಯೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಸಿಕ್ಕವರಲ್ಲಿ ಶೇ 79.9 ಮಂದಿ ಬದುಕಿದ್ದರು. ಮುಂದಿನ ಆರು ಗಂಟೆಗಳಲ್ಲಿ ತಡವಾದ ಪ್ರತಿ ಗಂಟೆಗೂ ಬದುಕುವ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿಯುತ್ತ ಹೋಯಿತು. ಈ ಅಂಕಿಯನ್ನು ಮಾತ್ರ ಹಿಡಿದು ಮಾತಾಡುವುದು ಸರಿಯಲ್ಲ. ನ್ಯೂಯಾರ್ಕ್ ರಾಜ್ಯದ 149 ಆಸ್ಪತ್ರೆಗಳ 49,331 ರೋಗಿಗಳನ್ನು ಒಳಗೊಂಡ 2017ರ ಅಧ್ಯಯನದಲ್ಲಿ, ಚಿಕಿತ್ಸೆಯ ನಿಗದಿತ ಕ್ರಮಗಳು ಒಂದು ಗಂಟೆ ತಡವಾದರೆ ಸಾವಿನ ಸಂಭವ ಹೆಚ್ಚುವುದು ಶೇ 4ರಷ್ಟು ಎಂದು ಕಂಡುಬಂತು. ಮೊದಲಿನದು ಆಗಲೇ ಬಿಪಿ ಬಿದ್ದವರ ಲೆಕ್ಕ, ಎರಡನೆಯದು ಬಿಪಿ ಬೀಳದ ಸೆಪ್ಸಿಸ್ ರೋಗಿಗಳನ್ನೂ ಸೇರಿಸಿದ ಲೆಕ್ಕ. ರೋಗ ಬಲಿತಷ್ಟೂ ಗಂಟೆಯ ಬೆಲೆ ಏರುತ್ತದೆ ಎಂದು ಎರಡನ್ನೂ ಸೇರಿಸಿ ಓದಬಹುದು.

ಬಡಿತದ ನಡುವಿನ ಬಿಡುವು

ನಾಡಿ ನಿಮಿಷಕ್ಕೆ 75 ಇದ್ದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ 0.8 ಸೆಕೆಂಡ್ ಬಿಡುವು. ಆದರೆ ಆರೋಗ್ಯವಂತರ ಇಸಿಜಿಯಲ್ಲಿ ಆ ಬಿಡುವು ಒಮ್ಮೆ 0.76, ಮತ್ತೊಮ್ಮೆ 0.84, ಹೀಗೆ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕು, ಬಿಟ್ಟಾಗ ನಿಧಾನ. ಮಿದುಳಿನಿಂದ ಇಳಿದುಬರುವ ವೇಗಸ್ ನರ ಹೃದಯವನ್ನು ಕ್ಷಣಕ್ಷಣಕ್ಕೂ ಹಿಡಿದು ಬಿಡುತ್ತಿರುವುದರ ಗುರುತು ಅದು. ದೇಹದಲ್ಲಿ ಉರಿಯೂತ ಹಬ್ಬಿದಾಗ ಈ ಹಿಡಿತ ಸಡಿಲವಾಗುತ್ತದೆ, ಬಡಿತ ಗಡಿಯಾರದಂತೆ ಏಕತಾನವಾಗುತ್ತದೆ. ಸರಾಸರಿ ನಾಡಿ ಇನ್ನೂ 90ರ ಆಸುಪಾಸಿನಲ್ಲೇ ಇರಬಹುದು, ಜ್ವರವೂ ಕಾಣಿಸಿರಲಿಕ್ಕಿಲ್ಲ. ಬಿಡುವುಗಳ ಏರಿಳಿತ ಮಾತ್ರ ಆಗಲೇ ಕುಗ್ಗಿರುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದ್ದು ಕೈಯಳತೆಯ ಕಂದಮ್ಮಗಳ ವಾರ್ಡಿನಲ್ಲಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ರ್‍ಯಾಂಡಲ್ ಮೂರ್‌ಮನ್ ಮತ್ತು ನವಜಾತ ಶಿಶು ತಜ್ಞೆ ಪಮೇಲಾ ಗ್ರಿಫಿನ್ 2001ರಲ್ಲಿ ಒಂದು ವಿಷಯ ಪ್ರಕಟಿಸಿದರು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ನಂಜೇರುವ ಮೊದಲು ಅದರ ಬಡಿತದ ಏರಿಳಿತ ಸಪಾಟಾಗುತ್ತದೆ, ನಡುನಡುವೆ ಬಡಿತ ಸ್ವಲ್ಪ ಹೊತ್ತು ಕುಸಿದು ಮತ್ತೆ ಏಳುತ್ತದೆ. ಮಗು ಹಾಲು ಬಿಟ್ಟಿತು, ಸಪ್ಪಗಾಯಿತು, ಉಸಿರು ತಡೆಯಿತು ಎಂದು ನರ್ಸ್ ಬರೆಯುವುದಕ್ಕೆ 24 ಗಂಟೆ ಮುಂಚಿನಿಂದಲೇ ಈ ಗುರುತು ಕಾಣಿಸಬಹುದು. ಈ ಕೆಲಸದಿಂದ ಹುಟ್ಟಿದ ಯಂತ್ರದ ಹೆಸರು ಹೀರೋ. ಅದು 4,096 ಬಡಿತಗಳನ್ನು ಒಂದು ಕಂತಾಗಿ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 150 ಬಡಿಯುವ ಮಗುವಿಗೆ ಅದು ಸುಮಾರು 27 ನಿಮಿಷದ ಬಡಿತ. ಗಂಟೆಗೊಮ್ಮೆ ಪರದೆಯ ಮೇಲೆ ಒಂದೇ ಅಂಕಿ ತೋರಿಸುತ್ತದೆ. ಅದು 2 ಎಂದಿದ್ದರೆ, ಮುಂದಿನ 24 ಗಂಟೆಗಳಲ್ಲಿ ಈ ಮಗುವಿಗೆ ಸೆಪ್ಸಿಸ್ ಕಾಣಿಸುವ ಸಂಭವ ಸರಾಸರಿಗಿಂತ ಎರಡು ಪಟ್ಟು ಎಂದರ್ಥ.

ಅಂಕಿ ತೋರಿಸುವುದು ಒಂದು, ಜೀವ ಉಳಿಸುವುದು ಇನ್ನೊಂದು. ಅದನ್ನು ಪರೀಕ್ಷಿಸಲು ಅಮೆರಿಕದ ಒಂಬತ್ತು ನವಜಾತ ಶಿಶು ಐಸಿಯುಗಳಲ್ಲಿ 1,500 ಗ್ರಾಂಗಿಂತ ಕಡಿಮೆ ತೂಕದ 3,003 ಶಿಶುಗಳ ಮೇಲೆ ಪ್ರಯೋಗ ನಡೆಯಿತು. ಎಲ್ಲರ ಬಡಿತವನ್ನೂ ಯಂತ್ರ ಅಳೆಯಿತು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳ ಅಂಕಿಯನ್ನು ಮಾತ್ರ ವೈದ್ಯರಿಗೆ ತೋರಿಸಲಾಯಿತು. 2011ರಲ್ಲಿ ಬಂದ ಫಲಿತಾಂಶ ಹೀಗಿದೆ: ಅಂಕಿ ತೋರಿಸದ ಗುಂಪಿನಲ್ಲಿ ಶೇ 10.2 ಶಿಶುಗಳು ಸತ್ತವು, ತೋರಿಸಿದ ಗುಂಪಿನಲ್ಲಿ ಶೇ 8.1. ವ್ಯತ್ಯಾಸ 2.1. ಅಂದರೆ 48 ಮಕ್ಕಳ ಪಕ್ಕ ಈ ಪರದೆ ಇಟ್ಟರೆ ಒಂದು ಮಗು ಹೆಚ್ಚಾಗಿ ಉಳಿಯುತ್ತದೆ. ಒಂದು ಕಿಲೋಗೂ ಕಡಿಮೆ ತೂಕದ ಮಕ್ಕಳಲ್ಲಿ ಸಾವು 17.6ರಿಂದ 13.2ಕ್ಕೆ ಇಳಿಯಿತು; ಅಲ್ಲಿ 23 ಮಕ್ಕಳಿಗೆ ಒಂದು ಜೀವ. ರಕ್ತದಲ್ಲಿ ಸೋಂಕು ಖಚಿತವಾದ ನಂತರದ 30 ದಿನಗಳ ಸಾವನ್ನು 2013ರಲ್ಲಿ ಬೇರೆಯಾಗಿ ಲೆಕ್ಕ ಹಾಕಿದಾಗ ಅದು 19.6ರಿಂದ 11.8ಕ್ಕೆ ಬಂದಿತ್ತು.

ಈ ಪ್ರಯೋಗವನ್ನು ನಾನು ಗೌರವದಿಂದ ಕಾಣುತ್ತೇನೆ, ಏಕೆಂದರೆ ಅದರಲ್ಲಿ ಹೊಸ ಔಷಧಿ ಇರಲಿಲ್ಲ, ಹೊಸ ಸೂಜಿ ಇರಲಿಲ್ಲ. ಆಗಲೇ ಮಗುವಿನ ಎದೆಗೆ ಅಂಟಿಸಿದ್ದ ತಂತಿಯಿಂದ ಬರುತ್ತಿದ್ದ ಸಂಕೇತವನ್ನು ಇನ್ನಷ್ಟು ಗಮನವಿಟ್ಟು ಓದಿದ್ದು ಅಷ್ಟೆ. ಆದರೂ ಎರಡು ಮಾತು ಮುಚ್ಚಿಡುವಂತಿಲ್ಲ. ಪ್ರಯೋಗದ ಮುಖ್ಯ ಗುರಿ ಸಾವಿನ ಪ್ರಮಾಣವಾಗಿರಲಿಲ್ಲ. 120 ದಿನಗಳಲ್ಲಿ ಮಗು ವೆಂಟಿಲೇಟರ್ ಇಲ್ಲದೆ ಬದುಕಿದ ದಿನಗಳಾಗಿತ್ತು. ಅದು 93.6ರಿಂದ 95.9ಕ್ಕೆ ಏರಿತಾದರೂ ಆಕಸ್ಮಿಕ ಅಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ಎರಡನೆಯದು, ಅಂಕಿ ನೋಡಿದ ವೈದ್ಯರು ಶೇ 10ರಷ್ಟು ಹೆಚ್ಚು ಬ್ಲಡ್ ಕಲ್ಚರ್ ಮಾಡಿಸಿದರು, ಮಕ್ಕಳು ಶೇ 5ರಷ್ಟು ಹೆಚ್ಚು ದಿನ ಆ್ಯಂಟಿಬಯೋಟಿಕ್ ಮೇಲಿದ್ದವು.

ನಮ್ಮಲ್ಲಿ ಈ ಶೇ 5 ಹಗುರವಾದ ಅಂಕಿಯಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಐಸಿಯುಗೆ ದಾಖಲಾದ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನವಿದೆ. ಶೇ 14.3 ಮಕ್ಕಳಿಗೆ ಸೆಪ್ಸಿಸ್ ಇತ್ತು. ಅವರಲ್ಲಿ ಹೆಚ್ಚು ಸಿಕ್ಕ ರೋಗಾಣು ಅಸಿನೆಟೊಬ್ಯಾಕ್ಟರ್; ಅದರಲ್ಲಿ ಶೇ 82 ಹಲವು ಔಷಧಿಗಳಿಗೆ ಬಗ್ಗದಂಥವು. ಕ್ಲೆಬ್ಸಿಯೆಲ್ಲಾದಲ್ಲಿ ಶೇ 54. ಪ್ರಕರಣಗಳಲ್ಲಿ ಮೂರನೇ ಎರಡರಷ್ಟು ಹುಟ್ಟಿದ 72 ಗಂಟೆಯೊಳಗೇ ಬಂದವು. ಅಮೆರಿಕದ ಪರದೆ 24 ಗಂಟೆ ಮುಂಚಿತವಾಗಿ ಎಚ್ಚರಿಸಿದರೂ, ಬರೆದ ಆ್ಯಂಟಿಬಯೋಟಿಕ್‌ಗೆ ರೋಗಾಣು ಜಗ್ಗದಿದ್ದರೆ ಗಳಿಸಿದ ಗಂಟೆಗಳು ಕೈಬಿಟ್ಟು ಹೋಗುತ್ತವೆ. ಹಾಗಾಗಿ ಕಲ್ಚರ್ ಲ್ಯಾಬ್ ಇಲ್ಲದ ಕಡೆ ಮಾನಿಟರ್‌ಗೆ ಮೊದಲು ಹಣ ಹಾಕುವುದು ತಲೆಕೆಳಗಾದ ಖರ್ಚು ಎಂಬುದು ನನ್ನ ಅಭಿಪ್ರಾಯ.

ರೂಪಾಯಿ ಲೆಕ್ಕ

ಖರ್ಚಿಗೆ ಬರೋಣ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆಗೆ ದಿನಕ್ಕೆ ಇಷ್ಟು ಎಂದು ಕೇಂದ್ರ ನಿಗದಿ ಮಾಡಿದ ದರಗಳು 2021ರಲ್ಲಿ ಪರಿಷ್ಕಾರವಾದವು. ಸಾಮಾನ್ಯ ವಾರ್ಡ್ 1,800ರಿಂದ 2,100 ರೂಪಾಯಿಗೆ, ವೆಂಟಿಲೇಟರ್ ಇಲ್ಲದ ಐಸಿಯು 3,600ರಿಂದ 8,500ಕ್ಕೆ, ವೆಂಟಿಲೇಟರ್ ಸಹಿತ ಐಸಿಯು 4,500ರಿಂದ 9,000ಕ್ಕೆ ಏರಿತು. ಐಸಿಯು ದರವನ್ನು ಒಂದೇ ಸಲ ದುಪ್ಪಟ್ಟು ಮಾಡಬೇಕಾಯಿತು ಎಂಬುದರಲ್ಲೇ ಹಳೆಯ ದರ ವಾಸ್ತವಕ್ಕೆ ಎಷ್ಟು ದೂರ ಇತ್ತು ಎಂಬುದು ತಿಳಿಯುತ್ತದೆ.

ಈ ದರದ ಮೇಲೆ ಒಂದು ಅಂದಾಜು ಮಾಡಿ ನೋಡಿ. ಮೂತ್ರದ ಸೋಂಕಿನಿಂದ ಸೆಪ್ಸಿಸ್ ಶುರುವಾದ ರೋಗಿಯನ್ನು ವಾರ್ಡಿನಲ್ಲೇ ಬೇಗ ಗುರುತಿಸಿ ಏಳು ದಿನದಲ್ಲಿ ಮನೆಗೆ ಕಳಿಸಿದರೆ ಹಾಸಿಗೆ ಖರ್ಚು 14,700 ರೂಪಾಯಿ. ಅದೇ ರೋಗಿ ಗಮನಕ್ಕೆ ಬಾರದೆ ಶಾಕ್‌ಗೆ ಜಾರಿ ಏಳು ದಿನ ವೆಂಟಿಲೇಟರ್, ನಂತರ ಐದು ದಿನ ವಾರ್ಡ್ ಆದರೆ 63,000 ಮತ್ತು 10,500, ಒಟ್ಟು 73,500. ವ್ಯತ್ಯಾಸ 58,800. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು 5 ಲಕ್ಷದವರೆಗೆ. ಕೇಂದ್ರದ ದರದಲ್ಲಿ ಅದು ಇಡೀ ಮನೆಗೆ 55 ವೆಂಟಿಲೇಟರ್ ದಿನ. ಇದಕ್ಕೆ ಹೊರತಾಗಿ ಐಸಿಯು ಬಾಗಿಲಲ್ಲಿ ಕೂತ ಮನೆಯವರ ಕೂಲಿ, ಊಟ, ಬಸ್ ಚಾರ್ಜು ಯಾವ ಪ್ಯಾಕೇಜಿನಲ್ಲೂ ಇಲ್ಲ.

ಶಿಶುಗಳ ಯಂತ್ರಕ್ಕೂ ಹೀಗೇ ತೂಗಿ ನೋಡಬಹುದು. ಒಂದು ಮಗುವಿನ ಬಡಿತವನ್ನು ಸತತವಾಗಿ ಓದಲು ಎಲ್ಲ ಸೇರಿ ದಿನಕ್ಕೆ 500 ರೂಪಾಯಿ, ಒಂದು ಮಗು ವಾರ್ಡಿನಲ್ಲಿ 30 ದಿನ ಎಂದು ಇಟ್ಟುಕೊಳ್ಳೋಣ. ಎರಡೂ ನನ್ನ ಊಹೆಯ ಅಂಕಿಗಳು. 48 ಮಕ್ಕಳಿಗೆ 1,440 ದಿನ, 7.2 ಲಕ್ಷ ರೂಪಾಯಿ, ಒಂದು ಜೀವ. ಆಯುಷ್ಮಾನ್ ದರದಲ್ಲಿ ಇದು 80 ವೆಂಟಿಲೇಟರ್ ದಿನಗಳ ಹಣ. ಒಂದು ಕಿಲೋ ಒಳಗಿನ ಮಕ್ಕಳಿಗೆ ಮಾತ್ರ ಬಳಸಿದರೆ 3.45 ಲಕ್ಷ. ಈ ದುಡ್ಡು ಹೆಚ್ಚಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಇದು ಅಮೆರಿಕದ ವಾರ್ಡಿನ ಫಲವನ್ನು ಇಲ್ಲಿಯ ರೂಪಾಯಿಗೆ ಕಟ್ಟಿದ ಲೆಕ್ಕ. ಇಲ್ಲಿ ಒಬ್ಬ ನರ್ಸ್ ಕೈಯಲ್ಲಿ ಎಷ್ಟು ತೊಟ್ಟಿಲು ಎಂಬುದರ ಮೇಲೆ 48 ಎನ್ನುವುದು 100ಕ್ಕೂ ಹೋಗಬಹುದು.

ವಯಸ್ಕರಲ್ಲಿ ಪುರಾವೆ ಇಷ್ಟು ಬಲವಾಗಿಲ್ಲ. ಕೆನಡಾದ ಒಟ್ಟಾವಾದಲ್ಲಿ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ 17 ರೋಗಿಗಳ ಬಡಿತವನ್ನು ಹಗಲಿರುಳು ದಾಖಲಿಸಿದರು. ಅವರಲ್ಲಿ 14 ಮಂದಿಗೆ ಸೆಪ್ಸಿಸ್ ಆಯಿತು. ವೈದ್ಯರು ಅದನ್ನು ಗುರುತಿಸುವುದಕ್ಕೆ ಸರಾಸರಿ 35 ಗಂಟೆ ಮುಂಚೆಯೇ ಬಡಿತದ ಏರಿಳಿತ ಇಳಿದಿತ್ತು ಎಂದು 2009ರಲ್ಲಿ ಪ್ರಕಟಿಸಿದರು. 35 ಗಂಟೆ ಬಹಳ ದೊಡ್ಡ ಕಾಲ. 17 ಬಹಳ ಸಣ್ಣ ಸಂಖ್ಯೆ. ವಯಸ್ಕರಲ್ಲಿ ಬಡಿತವನ್ನು ಕದಡುವ ಬೇರೆ ಸಂಗತಿಗಳೂ ಹೆಚ್ಚು. ಬಿಪಿಗೆ ಬೀಟಾ ಬ್ಲಾಕರ್ ನುಂಗುವವರ ನಾಡಿ ಏರಬೇಕಾದಾಗಲೂ ಏರುವುದಿಲ್ಲ. ಪೇಸ್‌ಮೇಕರ್ ಇದ್ದವರ, ಏಟ್ರಿಯಲ್ ಫಿಬ್ರಿಲೇಶನ್ ಇದ್ದವರ ಬಿಡುವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಹಳತಾದವರಲ್ಲಿ ನರಗಳೇ ಸೊರಗಿ ಏರಿಳಿತ ಮೊದಲೇ ಕುಗ್ಗಿರುತ್ತದೆ. ಟೈಫಾಯಿಡ್‌ನಲ್ಲಂತೂ ಜ್ವರ ಏರಿದಷ್ಟು ನಾಡಿ ಏರದಿರುವುದು ನಮ್ಮ ಹಳೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ಸದ್ದು ಮಾಡುವ ಪೆಟ್ಟಿಗೆ

ಎಚ್ಚರಿಕೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೂ ಅಂಕಿಗಳಿವೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 77 ಐಸಿಯು ಹಾಸಿಗೆಗಳ ಮಾನಿಟರ್‌ಗಳನ್ನು 31 ದಿನ ದಾಖಲಿಸಿದಾಗ ಬಂದ ಅಲಾರಂಗಳು 25,58,760. ಕಿವಿಗೆ ಕೇಳುವಂಥವೇ ಪ್ರತಿ ಹಾಸಿಗೆಗೆ ದಿನಕ್ಕೆ 187. ಹೃದಯದ ಲಯ ತಪ್ಪಿದೆ ಎಂದ ಅಲಾರಂಗಳಲ್ಲಿ 12,671ನ್ನು ತಜ್ಞರು ಕೂತು ಪರಿಶೀಲಿಸಿದರು. ಅವುಗಳಲ್ಲಿ ಶೇ 88.8 ಸುಳ್ಳು. ಇಂಥ ಸದ್ದಿನ ನಡುವೆ ಎಂಟು ಗಂಟೆ ಕೆಲಸ ಮಾಡುವವರು ಒಂದು ಹಂತದಲ್ಲಿ ಬೀಪ್ ಕೇಳಿಸಿಕೊಳ್ಳುವುದನ್ನೇ ಬಿಟ್ಟರೆ ಅದು ಅವರ ತಪ್ಪಲ್ಲ.

ಸೆಪ್ಸಿಸ್ ಮುನ್ಸೂಚನೆಗೆಂದೇ ಮಾಡಿದ ಸಾಫ್ಟ್‌ವೇರ್‌ಗಳ ಕಥೆಯೂ ಬೇರೆಯಲ್ಲ. ಎಪಿಕ್ ಸಂಸ್ಥೆಯ ಸೆಪ್ಸಿಸ್ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದವರು 38,455 ದಾಖಲಾತಿಗಳ ಮೇಲೆ ಒರೆಗೆ ಹಚ್ಚಿ 2021ರಲ್ಲಿ ವರದಿ ಮಾಡಿದರು. ನೂರು ರೋಗಿಗಳ ವಾರ್ಡಿಗೆ ಇಳಿಸಿ ಹೇಳುವುದಾದರೆ, ಏಳು ಜನರಿಗೆ ಸೆಪ್ಸಿಸ್ ಇತ್ತು. ಯಂತ್ರ ಎಚ್ಚರಿಸಿದ್ದು 18 ಜನರ ಬಗ್ಗೆ. ಆ 18ರಲ್ಲಿ ನಿಜವಾದದ್ದು ಎರಡು. ಉಳಿದ ಐದು ಸೆಪ್ಸಿಸ್ ರೋಗಿಗಳ ಪಕ್ಕದಲ್ಲಿ ಅದು ಸುಮ್ಮನಿತ್ತು. ಮರುವರ್ಷ ಜಾನ್ಸ್ ಹಾಪ್ಕಿನ್ಸ್‌ನ ಐದು ಆಸ್ಪತ್ರೆಗಳಿಂದ ಬಂದ ಟ್ರ್ಯೂಸ್ ಎಂಬ ವ್ಯವಸ್ಥೆಯ ವರದಿ ಇದಕ್ಕಿಂತ ಭರವಸೆಯದು. ಎಚ್ಚರಿಕೆ ಬಂದ ಮೂರು ಗಂಟೆಯೊಳಗೆ ವೈದ್ಯರು ಅದನ್ನು ನೋಡಿ ಖಚಿತಪಡಿಸಿದ ರೋಗಿಗಳಲ್ಲಿ ಸಾವು ಉಳಿದವರಿಗಿಂತ ಶೇ 18.7ರಷ್ಟು ಕಡಿಮೆ. ಆ ಮೂರು ಗಂಟೆಯೊಳಗೆ ಎಚ್ಚರಿಕೆಯನ್ನು ನೋಡಲು ಒಬ್ಬ ವೈದ್ಯ ಇದ್ದರು ಎಂಬುದನ್ನು ಗಮನಿಸಬೇಕು.

ಹಾಗಾದರೆ ಸಿಸ್ಟರ್ ಕೈಯಿಂದಲೇ ಹೆಚ್ಚು ಸಲ ನಾಡಿ ನೋಡಿಸಬಾರದೇಕೆ? 30 ಹಾಸಿಗೆಯ ವಾರ್ಡ್, ಒಬ್ಬ ರೋಗಿಯ ನಾಡಿ, ಬಿಪಿ, ಉಸಿರು, ಜ್ವರ, ಆಕ್ಸಿಜನ್ ನೋಡಿ ಬರೆಯಲು ಐದು ನಿಮಿಷ ಎಂದುಕೊಳ್ಳಿ. ನಾಲ್ಕು ಗಂಟೆಗೊಮ್ಮೆ ಎಂದರೆ ದಿನಕ್ಕೆ 900 ನಿಮಿಷ, 15 ಗಂಟೆ ಕೆಲಸ. ಗಂಟೆಗೊಮ್ಮೆ ಎಂದರೆ 60 ಗಂಟೆ. ಎಂಟು ಗಂಟೆಯ ಪಾಳಿಯಂತೆ ದಿನಕ್ಕೆ ಏಳೂವರೆ ಜನ, ಅಂದರೆ ಪ್ರತಿ ಪಾಳಿಗೆ ಎರಡೂವರೆ ಜನ ನರ್ಸ್ ಬೇರೇನೂ ಮಾಡದೆ ಇದನ್ನೇ ಮಾಡಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವ ವಾರ್ಡಿಗೆ ಇದು ಆಗದ ಮಾತು. ಬೆಂಗಳೂರಿನ ಡೋಝಿ ಕಂಪನಿ ತಯಾರಿಸಿದ, ಹಾಸಿಗೆಯ ಕೆಳಗೆ ಹಾಸಿದರೆ ಮೈಯ ಸೂಕ್ಷ್ಮ ಕಂಪನದಿಂದ ನಾಡಿ ಮತ್ತು ಉಸಿರನ್ನು ಅಳೆಯುವ ಹಾಳೆಯಂಥ ಸಾಧನಗಳಿಗೆ ಬೇಡಿಕೆ ಹುಟ್ಟುವುದು ಈ 15 ಮತ್ತು 60ರ ನಡುವಿನ ಕಂದಕದಲ್ಲಿ.

ಅಂಥ ಸಾಧನಗಳು ಬರುವವರೆಗೆ ಚಾರ್ಟ್‌ನಲ್ಲಿರುವ ಆರು ಅಂಕಿಗಳನ್ನೇ ಇನ್ನೂ ಚೆನ್ನಾಗಿ ಓದಲು ಸಾಧ್ಯವಿದೆ. 1967ರಲ್ಲಿ ಆಲ್ಗೋವರ್ ಮತ್ತು ಬುರ್ರಿ ಎಂಬ ವೈದ್ಯರು ಶಾಕ್ ಸೂಚ್ಯಂಕ ಎಂಬ ಸರಳ ಭಾಗಾಕಾರ ಕೊಟ್ಟರು: ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸುವುದು. ಆರೋಗ್ಯವಂತರಲ್ಲಿ ಅದು 0.5ರಿಂದ 0.7. ಒಂದು ಕಾಲ್ಪನಿಕ ರಾತ್ರಿಯನ್ನು ನೋಡಿ. ಹತ್ತು ಗಂಟೆಗೆ ನಾಡಿ 88, ಬಿಪಿ 124. ಎರಡು ಗಂಟೆಗೆ 104, 118. ಆರು ಗಂಟೆಗೆ 118, 104. ಬಿಪಿಯನ್ನಷ್ಟೇ ನೋಡಿದವರಿಗೆ ಮೂರೂ ಸಲ 'ನಾರ್ಮಲ್' ಎಂದೇ ಕಾಣುತ್ತದೆ. ಭಾಗಿಸಿದರೆ 0.71, 0.88, 1.13. ರಾತ್ರಿ ಎರಡಕ್ಕೇ ಸೂಚನೆ ಬಂದಿತ್ತು. ಬ್ರಿಟನ್ನಿನ ನ್ಯೂಸ್ ಎಂಬ ಮುನ್ನೆಚ್ಚರಿಕೆಯ ಅಂಕಪಟ್ಟಿಯೂ ನಾಡಿ 90 ದಾಟಿದರೆ ಒಂದು ಅಂಕ, 110 ದಾಟಿದರೆ ಎರಡು, 130 ದಾಟಿದರೆ ಮೂರು ಕೊಟ್ಟು ಉಸಿರು, ಆಕ್ಸಿಜನ್, ಬಿಪಿ, ಜ್ವರ, ಪ್ರಜ್ಞೆಯ ಜೊತೆ ಕೂಡಿಸುತ್ತದೆ. ಸೆಪ್ಸಿಸ್ ಶಂಕಿತರಿಗೆಂದು 2016ರಲ್ಲಿ ಬಂದ ಕ್ಯೂಸೋಫಾ ಪಟ್ಟಿ ನಾಡಿಯನ್ನೇ ಕೈಬಿಟ್ಟಿತ್ತು. 30,677 ರೋಗಿಗಳ ಮೇಲೆ ಇವನ್ನು ಹೋಲಿಸಿದಾಗ, ಯಾರು ಉಳಿಯುವುದಿಲ್ಲ ಎಂದು ಮುಂಚಿತವಾಗಿ ಹೇಳುವುದರಲ್ಲಿ ನ್ಯೂಸ್‌ಗೆ 0.77, ಕ್ಯೂಸೋಫಾಗೆ 0.69 ಸಿಕ್ಕಿತು. ಈ ಅಳತೆಯಲ್ಲಿ ಕಣ್ಣುಮುಚ್ಚಿ ಊಹಿಸಿದರೆ 0.5, ತಪ್ಪೇ ಇಲ್ಲದಿದ್ದರೆ 1. 2021ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಕ್ಯೂಸೋಫಾ ಒಂದನ್ನೇ ನೆಚ್ಚಬೇಡಿ ಎಂದಿತು. ಇಂಥ ಅಂಕಪಟ್ಟಿಯ ಖರ್ಚು ಒಂದು ಮುದ್ರಿತ ಹಾಳೆ, ಒಂದು ಪೆನ್ನು.

ಇನ್ನು ಈಗಾಗಲೇ ಮಾನಿಟರ್ ಇರುವ ಐಸಿಯುಗಳ ವಿಚಾರ. ಅಲ್ಲಿ ಬಡಿತ ಬಡಿತಕ್ಕೂ ಅಳತೆ ನಡೆಯುತ್ತಿರುತ್ತದೆ, ಪರದೆ ತೋರಿಸುವುದು ಸರಾಸರಿಯನ್ನು. ಬಿಡುವುಗಳ ದಾಖಲೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿಸಲು ಎಷ್ಟು ಜಾಗ ಬೇಕು? ಒಂದು ಬಿಡುವಿಗೆ ಎರಡು ಬೈಟ್‌ನಂತೆ ದಿನದ 1,15,200 ಬಡಿತಕ್ಕೆ 0.23 ಎಂಬಿ. ಹತ್ತು ಹಾಸಿಗೆಯ ಐಸಿಯುಗೆ ಒಂದಿಡೀ ವರ್ಷಕ್ಕೆ 0.84 ಜಿಬಿ, ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಪೆನ್ ಡ್ರೈವ್‌ನ ಮೂಲೆಯಲ್ಲಿ ಹಿಡಿಯುವಷ್ಟು. ಸೆಕೆಂಡಿಗೆ 250 ಅಳತೆಯ ಪೂರ್ತಿ ಇಸಿಜಿ ಗೆರೆಯನ್ನೇ ಉಳಿಸಿದರೂ ವರ್ಷಕ್ಕೆ 158 ಜಿಬಿ. ನಮ್ಮ ರೋಗಿಗಳ ಮೇಲೆ, ನಮ್ಮ ಟೈಫಾಯಿಡ್, ನಮ್ಮ ಸಕ್ಕರೆ ಕಾಯಿಲೆ, ನಮ್ಮ ಅಸಿನೆಟೊಬ್ಯಾಕ್ಟರ್ ನಡುವೆ ಈ ಮುನ್ಸೂಚನೆ ಎಷ್ಟು ನಿಜ ಎಂದು ತಿಳಿಯಲು ಬೇಕಾದ ಕಚ್ಚಾ ಸಾಮಗ್ರಿ ಇದೇ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೆ ಉಪಕರಣ ಕೊಳ್ಳುವುದು ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಮುಂದಿನ ಸಲ ಮಾನಿಟರ್ ಟೆಂಡರ್ ಕರೆಯುವಾಗ, ಬಡಿತ ಬಡಿತದ ಬಿಡುವನ್ನು ದಾಖಲಿಸಿ ಹೊರತೆಗೆಯಲು ಬರಬೇಕು ಎಂಬ ಒಂದು ಷರತ್ತನ್ನು ಅದು ತಾಂತ್ರಿಕ ಪಟ್ಟಿಯಲ್ಲಿ ಸೇರಿಸಬಹುದು.